ತೆನೆ ಹಬ್ಬಕ್ಕೊಂದು ಗದ್ದೆ

ಸೆಪ್ಟೆಂಬರ್ 8ಕ್ಕೆ ಮಲೆನಾಡಿನ ನಮ್ಮ ಕಡಹಿನಬೈಲಿನಲ್ಲಿ ಭತ್ತ ತೆನೆ ಬಿಟ್ಟಿರುವುದಿಲ್ಲ. ಪುನರ್ವಸು, ಪುಷ್ಯ ಮಳೆಗಳಲ್ಲಿ ನಾಟಿಯಾದ ಗದ್ದೆ ಹುಬ್ಬೆ ಮಳೆಯ ಹೊತ್ತಿಗೆ ಬರೀ ಹಸಿರು. ಹೊಡೆ ತುಂಬುವುದಕ್ಕೇ ಇನ್ನೂ ದಿನಗಳಿರುತ್ತವೆ. ಕೊಯ್ಲು ನವೆಂಬರ್ ಕೊನೆಗೆ, ಮಳೆ ಹಿಂದೆ ಮುಂದೆ ಆದರೆ ಡಿಸೆಂಬರ್‌ಗೆ. ಆದರೆ ಕೊಂಕಣಿ ಕ್ಯಾಥೊಲಿಕರಾದ ನಮಗೆ ಹೊಸ ತೆನೆಯ ಹಬ್ಬ ಮರಿಯಮ್ಮನವರು ಹುಟ್ಟಿದ ದಿನವಾದ ಸೆಪ್ಟೆಂಬರ್ 8ಕ್ಕೇ ಬರುತ್ತದೆ. ಅದು ನಮ್ಮ ಮೊಂತಿ ಹಬ್ಬ. ಅಂದು ಗುರುಗಳ ಕೈಯಿಂದ ಆಶೀರ್ವಾದವಾದ ಭತ್ತದ ತೆನೆ ಮನೆಗೆ ಬರಬೇಕು. ಅದರ ಕಾಳು ಬಾಯಿಗೆ ಬೀಳುವ ಮೊದಲು ಊಟವಿಲ್ಲ.

ನನ್ನ ತವರು ಬಂಟ್ವಾಳದ ಕಡೆ. ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿಗೆ ನಡೆದು ಹೋಗುವಷ್ಟು ಹತ್ತಿರ. ಅಲ್ಲಿ ಈ ತೊಡಕೇ ಇಲ್ಲ. ಏಣೆಲು ಬೆಳೆಗೆ ಜೂನ್‌ನಲ್ಲೇ ನೇಜಿ ನೆಡುವ ಊರದು. ಸೆಪ್ಟೆಂಬರ್ ಮೊದಲ ವಾರಕ್ಕೆ ನೇತ್ರಾವತಿಯ ದಂಡೆಯ ಗದ್ದೆಗಳಲ್ಲಿ ತೆನೆ ಬಾಗಲು ಶುರುವಾಗಿರುತ್ತದೆ. ಹಬ್ಬ ಗದ್ದೆಯನ್ನು ನೋಡಿಕೊಂಡೇ ಹುಟ್ಟಿದ್ದು ಎಂದು ಅಲ್ಲಿರುವ ತನಕ ನನಗೆ ಹೊಳೆದಿರಲೇ ಇಲ್ಲ. ಮದುವೆಯಾಗಿ ಘಟ್ಟ ಹತ್ತಿ ಇಲ್ಲಿಗೆ ಬಂದ ಮೇಲೆ, ಹಬ್ಬ ಒಂದು ಕಡೆ, ಗದ್ದೆ ಇನ್ನೊಂದು ಕಡೆ ಇರುವುದನ್ನು ಕಂಡಾಗ ಅರ್ಥವಾಯಿತು.

ನಮ್ಮತ್ತೆ ಇದಕ್ಕೊಂದು ದಾರಿ ಮಾಡಿಕೊಂಡಿದ್ದರು. ಮನೆಯ ಕೆಳಗಿನ ಗದ್ದೆಸಾಲಿನಲ್ಲಿ, ಕೆರೆಯ ತೂಬಿಗೆ ಹತ್ತಿರ, ನಾಲ್ಕಾರು ಮಾರು ಉದ್ದದ ಒಂದು ತುಂಡು. ಅದಕ್ಕೆ ಮನೆಯಲ್ಲಿ ಹಬ್ಬದ ಮಡಿ ಎಂದೇ ಹೆಸರು. ಕೃತ್ತಿಕೆ ಮಳೆಯ ಹೊತ್ತಿಗೆ, ಊರಿನವರು ಇನ್ನೂ ಸೊಪ್ಪು, ದರಗು ಹೊರುವ ಕೆಲಸದಲ್ಲಿರುವಾಗಲೇ, ಬೇಗ ಬಲಿಯುವ ಒಂದು ಕೆಂಪು ಭತ್ತವನ್ನು ಒಂದು ರಾತ್ರಿ ನೆನೆಸಿ, ಬಾಳೆಲೆ ಹಾಸಿದ ಕುಕ್ಕೆಗೆ ತುಂಬಿ, ಮೇಲೆ ಹುಲ್ಲು ಮುಚ್ಚಿ ಕಲ್ಲು ಹೇರಿಡುತ್ತಿದ್ದರು. ಮೊಳಕೆ ಬಂದ ಮೇಲೆ ಸಸಿಮಡಿಗೆ ಬಿತ್ತುವುದು, ಮೃಗಶಿರಾ ಮಳೆಗೆ ಕಿತ್ತು ನೆಡುವುದು. ಸುಮಾರು 110 ದಿನದ ಭತ್ತ. ಲೆಕ್ಕ ಹಾಕಿದರೆ ಹಬ್ಬದ ದಿನಕ್ಕೆ ಸರಿಯಾಗಿ ಕಾಳು ಗಟ್ಟಿಯಾಗುತ್ತದೆ.

ಕೇಳಲು ಸುಲಭ. ಆದರೆ ಸುತ್ತ ಎಲ್ಲ ಗದ್ದೆಯೂ ಹಸಿರಾಗಿರುವಾಗ ಒಂದೇ ಒಂದು ಮಡಿ ತೆನೆ ಬಿಟ್ಟರೆ ಊರಿನ ಹಕ್ಕಿ, ಹುಳ, ಇಲಿ ಎಲ್ಲಕ್ಕೂ ಅದೇ ಅನ್ನಛತ್ರ. ಹಾಲು ತುಂಬುವ ಹೊತ್ತಿಗೆ ತಿಗಣೆ ಬಂದು ಕೂತು ಕಾಳಿನ ಹಾಲು ಹೀರಿಬಿಟ್ಟರೆ ತೆನೆ ಪೂರ್ತಿ ಜೊಳ್ಳು. ಅತ್ತೆ ಹಿಂದಿನ ದಿನ ಸಾರಿಗೆ ಹಿಡಿದ ಗದ್ದೆ ಏಡಿಗಳ ಚಿಪ್ಪನ್ನು ಬಿದಿರಕಡ್ಡಿಯ ತುದಿಗೆ ಸಿಕ್ಕಿಸಿ ಮಡಿಯ ನಾಲ್ಕು ಮೂಲೆಗೆ ನೆಡುತ್ತಿದ್ದರು. ಆ ವಾಸನೆಗೆ ತಿಗಣೆಗಳು ತೆನೆ ಬಿಟ್ಟು ಚಿಪ್ಪಿಗೆ ಮುತ್ತಿಕೊಳ್ಳುತ್ತವೆ. ಬೆಳಗಿನ ಹೊತ್ತು ಹೋಗಿ ಅವನ್ನು ಕಡ್ಡಿ ಸಮೇತ ಕಿತ್ತು ಬೂದಿ ಬೆರೆಸಿದ ನೀರಿನ ತಂಬಿಗೆಗೆ ಕೊಡವುತ್ತಿದ್ದರು. ಕೆಸರು ಕಲಸುವಾಗ ಕಾಸರಕನ ಸೊಪ್ಪು ತುಳಿದು ಸೇರಿಸುವುದೂ ಅವರ ಕ್ರಮ. ರಾಟವಾಳ ಹಕ್ಕಿಗಳಿಗೆ ಮಾತ್ರ ಮಕ್ಕಳನ್ನೇ ಕಾವಲು ಕೂರಿಸಬೇಕಿತ್ತು.

"ಬಾಯ್, ಚರ್ಚಿನಲ್ಲಿ ಆಶೀರ್ವಾದ ಸಿಗುತ್ತದೆ, ತೆನೆ ಸಿಗುವುದಿಲ್ಲ. ತೆನೆ ನಾವೇ ಒಯ್ಯಬೇಕು" ಎಂದು ಅತ್ತೆ ನನಗೆ ಹೇಳಿದ್ದರು. ಅವರು ಓದಿದವರಲ್ಲ. ಆದರೆ ಈ ಹಬ್ಬದ ಇತಿಹಾಸವನ್ನು ಆಮೇಲೆ ನಾನು ಎಷ್ಟು ಓದಿದರೂ ಈ ಮಾತಿನಾಚೆಗೆ ಹೆಚ್ಚಿನದೇನೂ ಸಿಗಲಿಲ್ಲ.

ನಮ್ಮ ಜನ ಮೂಲತಃ ಗೋವಾದವರು. 1560ರಲ್ಲಿ ಗೋವಾಕ್ಕೆ ಬಂದ ಚರ್ಚಿನ ಧರ್ಮವಿಚಾರಣಾ ಪೀಠವಾದ ಇನ್‌ಕ್ವಿಸಿಷನ್, ಮರಾಠರ ದಾಳಿ, ಬರಗಾಲ, ತೆರಿಗೆ ಎಲ್ಲವೂ ಸೇರಿ ಕುಟುಂಬಗಳನ್ನು ತಂಡ ತಂಡವಾಗಿ ದಕ್ಷಿಣಕ್ಕೆ ತಳ್ಳಿದವು. ಅವರು ಬಂದು ನಿಂತ ಕೆನರಾ ಆಗ ಕೆಳದಿ ಅರಸರದು. ಇತ್ತ ಘಟ್ಟದ ಮೇಲಿನ ನಮ್ಮ ಕೊಪ್ಪ, ಎಡೇಹಳ್ಳಿಯ ಸೀಮೆಯೂ ಅವರದೇ. ಈ ಎಡೇಹಳ್ಳಿಯೇ 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಬಂದು ಹೋದ ಮೇಲೆ ನರಸಿಂಹರಾಜಪುರ, ಅಂದರೆ ಎನ್.ಆರ್. ಪುರ, ಆದದ್ದು. ಕೆಳದಿಯವರಿಗೆ ಗದ್ದೆ ಮಾಡಬಲ್ಲ ಕೈಗಳು ಬೇಕಿದ್ದವು. ಅವರ ಬೊಕ್ಕಸ ತುಂಬುತ್ತಿದ್ದದ್ದು ಅಕ್ಕಿಯಿಂದ. ಕೆನರಾದ ಬಂದರುಗಳಿಂದ ಅಕ್ಕಿ ಹಡಗು ಹೊರಡದಿದ್ದರೆ ಗೋವಾದ ಪೋರ್ಚುಗೀಸರ ಮನೆಗಳಲ್ಲಿ ಒಲೆ ಉರಿಯುತ್ತಿರಲಿಲ್ಲ. ರಾಣಿ ಚೆನ್ನಮ್ಮಾಜಿ 1678ರಲ್ಲಿ ಪೋರ್ಚುಗೀಸರೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ ಹೊನ್ನಾವರ, ಮಿರ್ಜಾನ್, ಕಲ್ಯಾಣಪುರದಂಥ ಕಡೆ ಚರ್ಚು ಕಟ್ಟಲು ಒಪ್ಪಿಗೆ ಕೊಟ್ಟದ್ದು ದೊಡ್ಡ ಮನಸ್ಸಿನಿಂದಲೂ ಹೌದು, ಅಕ್ಕಿಯ ವ್ಯಾಪಾರದ ಲೆಕ್ಕದಿಂದಲೂ ಹೌದು. 1801ರಲ್ಲಿ ಈ ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್, ಇಕ್ಕೇರಿಯ, ಅಂದರೆ ಇದೇ ಕೆಳದಿಯ, ಅರಸರು ಉತ್ತೇಜನ ಕೊಟ್ಟು 80,000 ಕ್ರೈಸ್ತರು ತುಳುವ ದೇಶದಲ್ಲಿ ನೆಲೆಸುವಂತೆ ಮಾಡಿದ್ದರೆಂದು ಬರೆದಿದ್ದಾನೆ. ಆ ಅಂಕಿ ಅವನ ಕಿವಿಗೆ ಬಿದ್ದದ್ದು, ಎಣಿಸಿದ್ದಲ್ಲ. ಆದರೂ ನಮ್ಮವರು ಇಲ್ಲಿಗೆ ಬಂದದ್ದು ನೇಗಿಲು ಹಿಡಿದು ಎಂಬುದಕ್ಕೆ ಆ ಮಾತು ಸಾಕ್ಷಿ.

ಮೊಂತಿ ಹಬ್ಬವನ್ನು ಶುರು ಮಾಡಿದವರು ಫಾದರ್ ಜೋಕಿಂ ಮಿರಾಂದಾ. ಗೋವಾದ ಗುರುಗಳು, ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿದ್ದವರು. ಪರಂಪರೆ ಹೇಳುವ ವರ್ಷ 1763. ಹೈದರಾಲಿ ಬಿದನೂರನ್ನು ಗೆದ್ದು ಕೆಳದಿಯ ಆಳ್ವಿಕೆ ಮುಗಿದ ವರ್ಷವೂ ಅದೇ. ಒಂದು ರಾಜ್ಯ ಮುಳುಗಿ ಇನ್ನೊಂದು ಮೇಲೇಳುವ ಆ ಗಡಿಬಿಡಿಯಲ್ಲಿ ಒಬ್ಬ ಗುರು ತನ್ನ ಜನರನ್ನು ಕೂಡಿಸಿ ಹೊಸ ತೆನೆಯನ್ನು ಮರಿಯಮ್ಮನ ಮುಂದೆ ಇಟ್ಟು ಆಶೀರ್ವದಿಸಿದರು.

ಇದು ಸಣ್ಣ ಸಂಗತಿಯಲ್ಲ. ಕೇವಲ 27 ವರ್ಷ ಹಿಂದೆ, 1736ರಲ್ಲಿ, ಗೋವಾದ ಇನ್‌ಕ್ವಿಸಿಷನ್ ಒಂದು ಉದ್ದನೆಯ ಆಜ್ಞೆ ಹೊರಡಿಸಿತ್ತು. ಮದುವೆಯಲ್ಲಿ, ಬಾಣಂತನದಲ್ಲಿ, ಅಡುಗೆಮನೆಯಲ್ಲಿ ಹಿಂದಿನ ಧರ್ಮದ ನೆರಳೂ ಬೀಳಬಾರದೆಂದು ಪಟ್ಟಿ ಮಾಡಿತ್ತು. ಉಪ್ಪು ಹಾಕದೆ ಅನ್ನ ಬೇಯಿಸಿ ಆಮೇಲೆ ಉಪ್ಪು ಸೇರಿಸಿಕೊಳ್ಳುವುದನ್ನೂ ಅದು ನಿಷೇಧಿಸಿತ್ತು. ಅಂಥ ಕಾಲದ ಗೋವಾದಿಂದ ಬಂದ ಗುರು, ತುಳುವರು ಮನೆಯ ಕಂಬಕ್ಕೆ ಕುರಲು, ಅಂದರೆ ತೆನೆ, ಕಟ್ಟುವ, ಹೊಸ ಅಕ್ಕಿ ಉಣ್ಣುವ ನಾಡಿನಲ್ಲಿ ನಿಂತು, ತೆನೆಯನ್ನು ಚರ್ಚಿನಿಂದ ಹೊರಗಿಡುವ ಬದಲು ಒಳಗೆ ಕರೆದರು. ನಮ್ಮ ಹಿರಿಯರು ಕ್ರೈಸ್ತರಾಗುವ ಮೊದಲೂ ಹೊಸ ಅಕ್ಕಿಯನ್ನು ದೇವರಿಗೆ ತೋರಿಸಿಯೇ ಉಣ್ಣುತ್ತಿದ್ದರು. ಆ ಕೃತಜ್ಞತೆಯನ್ನು ಮಿರಾಂದಾ ಅವರು ಕಡಿಯಲಿಲ್ಲ. ಗೋವಾದಲ್ಲೂ ಹೊಸ ತೆನೆಯ ಹಬ್ಬವಿದೆ. ಅಲ್ಲಿ ಊರಿಗೊಂದು ದಿನ: ರಾಯ್ ಊರಿನಲ್ಲಿ ಆಗಸ್ಟ್ 5, ತಾಳಗಾಂವ್‌ನಲ್ಲಿ ಆಗಸ್ಟ್ 21. ನಮ್ಮಲ್ಲಿ ಮಾತ್ರ ಎಲ್ಲರಿಗೂ ಒಂದೇ ದಿನ.

ಆಮೇಲೆ 1784 ಬಂತು. ಎರಡನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಗುಮಾನಿಯಿಂದ ಟಿಪ್ಪು ಸುಲ್ತಾನ ಫೆಬ್ರವರಿ 24ರಂದು, ವಿಭೂತಿ ಬುಧವಾರ, ಕೆನರಾದ ಕ್ಯಾಥೊಲಿಕರನ್ನು ಸೆರೆ ಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ಹತ್ತಾರು ಸಾವಿರ ಜನ. ದಾರಿಯಲ್ಲೇ ಸತ್ತವರು ಬಹಳ. 1799ರಲ್ಲಿ ಟಿಪ್ಪು ಮಡಿದ ಮೇಲೆ ಉಳಿದವರು ವಾಪಸು ಬಂದರು. ಹದಿನೈದು ವರ್ಷ ಬೇರೆಯವರ ಕೈಯಲ್ಲಿದ್ದ ಗದ್ದೆಗಳನ್ನು ಕಂಪನಿ ಸರ್ಕಾರದ ಕಾಲದಲ್ಲಿ ಅಷ್ಟಿಷ್ಟಾಗಿ ಮರಳಿ ಪಡೆದರು, ಕೆಲವರು ಗೇಣಿಗೆ ಹಿಡಿದರು. ಗದ್ದೆಯಿಂದ ಬೇರು ಸಮೇತ ಕಿತ್ತು ಎಸೆಯಲ್ಪಟ್ಟ ಜನ ಮತ್ತೆ ಕೆಸರಿಗೆ ಇಳಿದು ತೆಗೆದ ಮೊದಲ ತೆನೆಯನ್ನು ಹೇಗೆ ಹಿಡಿದಿದ್ದಾರು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಈ ಹಬ್ಬ ನಮ್ಮಲ್ಲಿ ಇಷ್ಟು ಗಟ್ಟಿಯಾಗಿ ಕೂತಿರುವುದಕ್ಕೆ ಆ ಹದಿನೈದು ವರ್ಷವೂ ಕಾರಣವೆಂದೇ ನನ್ನ ನಂಬಿಕೆ.

ಹಬ್ಬದ ಕ್ರಮ ಹೀಗೆ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬುಟ್ಟಿ ತುಂಬ ಹೂವು ತಂದು ಬಾಲ ಮರಿಯಮ್ಮನ ಪಾದಕ್ಕೆ ಹಾಕುತ್ತಾರೆ. ನಮ್ಮ ಕಡೆ ಗೌರಿ ಹೂವು, ಡೇರೆ, ದಾಸವಾಳ, ಬೇಲಿಯ ಮೇಲಿನ ಹೆಸರಿಲ್ಲದ ಹೂವುಗಳು. ಎಂಟನೇ ತಾರೀಖು ಪೂಜೆಗೆ ಮುಂಚೆ ತೆನೆಯ ಕಟ್ಟಿಗೆ ಆಶೀರ್ವಾದ, ಮೆರವಣಿಗೆ. ಪೂಜೆ ಮುಗಿದ ಮೇಲೆ ಮನೆಗೊಂದಿಷ್ಟು ತೆನೆ, ಮಕ್ಕಳ ಕೈಗೆ ಕಬ್ಬು. ಮನೆಗೆ ಬಂದು ಪೀಠದ ಮುಂದೆ ಮೇಣದಬತ್ತಿ ಹಚ್ಚಿ ಪ್ರಾರ್ಥನೆ. ಅದಾದ ಮೇಲೆ ನಮ್ಮತ್ತೆ ಕೂತು ತೆನೆಯಿಂದ ಒಂಬತ್ತು ಕಾಳು ಬಿಡಿಸಿ, ಉಗುರಿನಿಂದಲೇ ಒಂದೊಂದರ ಹೊಟ್ಟು ಸುಲಿದು, ಕೆಂಪು ಅಕ್ಕಿಯನ್ನು ಅಂಗೈಯಲ್ಲಿಟ್ಟು ಎಲ್ಲರಿಗೂ ತೋರಿಸುತ್ತಿದ್ದರು. ಕೆಲವು ಕಾಳು ಇನ್ನೂ ಎಳತು, ಒತ್ತಿದರೆ ಹಾಲು. ಅದನ್ನು ಸಣ್ಣ ಕಲ್ಲಿನಲ್ಲಿ ಅರೆದು, ತೆಂಗಿನಹಾಲಿಗೆ ಹಾಕಿ ಬೆಲ್ಲ, ಏಲಕ್ಕಿ ಸೇರಿಸಿ ಕಲಕಿದರೆ ಆಯಿತು. ಮನೆಯ ಹಿರಿಯರಿಂದ ತೊಟ್ಟಿಲ ಮಗುವಿನವರೆಗೆ ಒಂದೊಂದು ಚಮಚ. ಊರಲ್ಲಿಲ್ಲದವರ ಪಾಲಿನ ಕಾಳನ್ನು ಕಾಗದದಲ್ಲಿ ಮಡಚಿ ಅಂಚೆಗೆ ಹಾಕುತ್ತಿದ್ದರು. ಮುಂಬೈಗೆ, ಕುವೈತಿಗೆ ಹಾಗೆ ಲಕೋಟೆಯಲ್ಲಿ ಹೋದ ಭತ್ತದ ಕಾಳುಗಳು ನಮ್ಮ ಸಮುದಾಯದ ಪ್ರತಿ ಮನೆಯ ಕಥೆಯಲ್ಲೂ ಇವೆ.

ಅಂದಿನ ಊಟಕ್ಕೆ ಮೀನು, ಮಾಂಸ ಇಲ್ಲ. ಹಂದಿಮಾಂಸವಿಲ್ಲದೆ ಹಬ್ಬವೇ ಇಲ್ಲ ಎನ್ನುವ ನಮ್ಮವರು ಈ ಒಂದು ದಿನ ಬಾಳೆಲೆ ಹಾಸಿ ಬರೀ ತರಕಾರಿ ಉಣ್ಣುತ್ತಾರೆ. ಪದಾರ್ಥಗಳ ಲೆಕ್ಕ ಐದು, ಏಳು, ಒಂಬತ್ತು, ಯಾವಾಗಲೂ ಬೆಸ. ಹಾಗಲಕಾಯಿಗೆ ಅಮಟೆಕಾಯಿ, ಕೆಸುವಿನ ದಂಟು, ಹೀರೆ, ಬೆಂಡೆ, ಅಲಸಂದೆ, ಪತ್ರೊಡೆ, ಹೆಸರುಬೇಳೆಯ ಪಾಯಸ. ಇಲ್ಲಿ ಮಲೆನಾಡಿನಲ್ಲಿ ಆಷಾಢದಲ್ಲಿ ಉಪ್ಪಿಗೆ ಹಾಕಿಟ್ಟ ಕಳಲೆಯೂ ಸೇರುತ್ತದೆ. ಬೇಳೆ, ಕಳಲೆ ಬಿಟ್ಟರೆ ಈ ಎಲೆಯ ಮೇಲಿನದೆಲ್ಲ ಹುಬ್ಬೆ ಮಳೆಯಲ್ಲಿ ಹಿತ್ತಲು, ಬೇಲಿ, ತೋಟದ ಬದುಗಳು ತಾವಾಗಿ ಕೊಡುವಂಥದು. ಪೇಟೆಗೆ ಹೋಗದೆ, ಯಾವ ಪ್ರಾಣಿಯನ್ನೂ ಕೊಲ್ಲದೆ, ಆ ತಿಂಗಳ ಭೂಮಿ ಏನು ಕೊಡುತ್ತದೋ ಅದರಲ್ಲೇ ಹಬ್ಬ ಮಾಡಬಹುದೆಂದು ಎರಡೂವರೆ ಶತಮಾನದಿಂದ ವರ್ಷಕ್ಕೊಮ್ಮೆ ಮಾಡಿ ತೋರಿಸುತ್ತಿದ್ದೇವೆ.

ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳಿಗೆ ನಾನು ಇನ್ನೊಂದು ಮಾತು ಹೇಳುತ್ತೇನೆ. ಬಲಿಪೂಜೆಯ ರೊಟ್ಟಿ ಗೋಧಿಯದೇ ಆಗಿರಬೇಕು. ನಮ್ಮ ಸಭೆಯ ಕಾನೂನಿನ 924ನೇ ವಿಧಿಯೇ ಹಾಗಿದೆ. ಯೇಸುಸ್ವಾಮಿ ಮುರಿದ ರೊಟ್ಟಿಯನ್ನು ನೆನೆದು ಇಟ್ಟ ನಿಯಮ, ಅದಕ್ಕೆ ನಾನು ತಲೆಬಾಗುತ್ತೇನೆ. ಆದರೆ ಗೋಧಿಯ ಹೊಲವನ್ನು ಕಣ್ಣಿಂದ ನೋಡಿದವರು ನಮ್ಮೂರಲ್ಲಿ ಎಷ್ಟು ಜನ? ನಮ್ಮ ಬೆವರು, ನಮ್ಮ ಕೆಸರು, ಜಿಗಣೆ ಕಚ್ಚಿದ ನಮ್ಮ ಕಾಲು, ಇವೆಲ್ಲ ಬಲಿಪೀಠದ ಹತ್ತಿರ ಬರುವುದು ತೆನೆಯ ಮೂಲಕ, ಆ ಒಂದೇ ದಿನ. ಇಲ್ಲಿನ ಗೌಡರು, ಹೆಗ್ಗಡೆಯವರು ಭೂಮಿ ಹುಣ್ಣಿಮೆಗೆ ಬೆಳಗಿನ ಜಾವ ಅಡುಗೆ ಹೊತ್ತು ಗದ್ದೆಗೆ ಹೋಗಿ ಬಸುರಿ ಭೂಮಿಗೆ ಬಡಿಸಿ ಬರುತ್ತಾರೆ. ನಾವು ಗದ್ದೆಯನ್ನೇ ಚರ್ಚಿಗೆ ಒಯ್ಯುತ್ತೇವೆ.

ಘಟ್ಟದ ಮೇಲೆ ನಮ್ಮವರು ಹತ್ತಿ ಬಂದದ್ದು ಬಹುಪಾಲು ಕಾಫಿಯ ದಾರಿಯಲ್ಲಿ. ನನ್ನ ಮಾವನವರ ತಂದೆ ಬಾಳೆಹೊನ್ನೂರಿನ ಕಡೆಯ ಎಸ್ಟೇಟಿನಲ್ಲಿ ರೈಟರ್ ಆಗಿದ್ದು, ಆಮೇಲೆ ಇಲ್ಲಿ ಗೇಣಿಗೆ ಗದ್ದೆ ಹಿಡಿದರು. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗ ಮಾವ ಫಾರಂ ನಂಬರ್ 7 ತುಂಬಿ ಡಿಕ್ಲರೇಷನ್ ಹಾಕಿದ್ದರಿಂದ ಆ ಗದ್ದೆ ಮನೆಯದಾಯಿತು. ಚಿಕ್ಕಮಗಳೂರು ಧರ್ಮಪ್ರಾಂತ್ಯ ಮೈಸೂರಿನಿಂದ ಬೇರೆಯಾದದ್ದು 1963ರಲ್ಲಿ. ಅಷ್ಟರಲ್ಲಿ ಎನ್.ಆರ್. ಪುರದ ಸುತ್ತ ಇನ್ನೊಂದು ಕ್ರೈಸ್ತ ಜನವೂ ಬಂದು ನೆಲೆಸಿತ್ತು.

ಅವರು ಕೇರಳದ ಸಿರಿಯನ್ ಕ್ರೈಸ್ತರು. ಅವರ ವಲಸೆಯ ಹಿಂದೆಯೂ ಅಕ್ಕಿಯೇ ಇದೆ. ತಿರುವಾಂಕೂರು ಬರ್ಮಾದಿಂದ ಬರುವ ಅಕ್ಕಿಯನ್ನು ನೆಚ್ಚಿಕೊಂಡಿತ್ತು. 1942ರಲ್ಲಿ ರಂಗೂನ್ ಜಪಾನಿನ ಕೈಗೆ ಬಿದ್ದು ಹಡಗು ನಿಂತಾಗ ಜನ ಮರಗೆಣಸು ತಿಂದು ಜೀವ ಹಿಡಿದರು, ಭೂಮಿ ಹುಡುಕಿ ಮಲಬಾರಿಗೆ, ಅಲ್ಲಿಂದ ದಕ್ಷಿಣ ಕನ್ನಡಕ್ಕೆ, ಮಲೆನಾಡಿಗೆ ನಡೆದರು. ನಮ್ಮ ಸೀಮೆಯಲ್ಲಿ ಭೂಮಿ ಇತ್ತು, ಏಕೆಂದರೆ ಮಲೇರಿಯಾ ಊರೂರನ್ನೇ ಖಾಲಿ ಮಾಡಿಸಿತ್ತು. 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದ ಡಿಡಿಟಿ ಮನೆಮನೆಯ ಗೋಡೆಗೆ ಬಿದ್ದ ಮೇಲೆಯೇ ಹೊರಗಿನವರು ಇಲ್ಲಿ ಧೈರ್ಯವಾಗಿ ನಿಂತದ್ದು. ವಿಷದ ವಿರುದ್ಧ ಮಾತಾಡುವಾಗಲೆಲ್ಲ ನಾನು ಇದನ್ನೂ ನೆನೆಯುತ್ತೇನೆ. ನಮ್ಮಲ್ಲಿ ಎಷ್ಟೋ ಜನ ಇಲ್ಲಿ ಬದುಕಿ ಉಳಿದದ್ದು ಒಂದು ವಿಷದ ದಯೆಯಿಂದ.

ಈ ಸಿರಿಯನ್ ನೆರೆಯವರಿಗೂ ಸೆಪ್ಟೆಂಬರ್ 8 ದೊಡ್ಡ ದಿನ. ಯಾಕೋಬಾಯ ಸಭೆಯವರು ಒಂದನೇ ತಾರೀಖಿನಿಂದ ಎಂಟು ದಿನದ ಎಟ್ಟು ನೋಂಬು ಹಿಡಿಯುತ್ತಾರೆ. ಮೀನು, ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. ಗಂಜಿ, ಹೆಸರುಕಾಳು, ಪಲ್ಯ. ಎನ್.ಆರ್. ಪುರದ ಅವರ ಸಂತ ಮರಿಯಮ್ಮನವರ ಚರ್ಚಿಗೆ ಆ ದಿನಗಳಲ್ಲಿ ಜನ ಸೇರುತ್ತಾರೆ. ಕೋಟ್ಟಯಂ ಹತ್ತಿರದ ಮಣರ್ಕಾಡಿನಲ್ಲಿ ನೋಂಬಿನ ಕೊನೆಗೆ ಹಂಚುವ ಪಾಚೋರಿಗೂ ಅಕ್ಕಿ, ಬೆಲ್ಲ, ತೆಂಗಿನಕಾಯಿಯೇ. ಅವರ ಭಾಷೆ ಬೇರೆ, ಪೂಜೆಯ ಕ್ರಮ ಬೇರೆ, ಹಬ್ಬ ಹುಟ್ಟಿದ ಕಾರಣ ಬೇರೆ. ಆದರೂ ಒಂದೇ ತಾಲ್ಲೂಕಿನ ಎರಡು ಕ್ರೈಸ್ತ ಜನ ಒಂದೇ ದಿನ ಒಂದೇ ತಾಯಿಯ ಹೆಸರಲ್ಲಿ ಅಕ್ಕಿ ಬೆಲ್ಲದ ಸಿಹಿ ತಿನ್ನುತ್ತಾರೆ. ಪಕ್ಕದ ಮನೆಯ ಅಮ್ಮಚ್ಚಿ ನಮ್ಮತ್ತೆಯ ಹಬ್ಬದ ಮಡಿ ನೋಡಲು ಬರುತ್ತಿದ್ದರು. ಕುಟ್ಟನಾಡಿನ ಗದ್ದೆಯಲ್ಲಿ ಬೆಳೆದ ಹೆಂಗಸು, ತೆನೆಯನ್ನು ಮುಟ್ಟಿ ನೋಡಿ ಎಷ್ಟು ದಿನಕ್ಕೆ ಕೊಯ್ಯಬಹುದೆಂದು ಹೇಳಿಬಿಡುತ್ತಿದ್ದರು.

ಈಗ ಆ ಗದ್ದೆಸಾಲು ಇಲ್ಲ. ನಮ್ಮದೊಂದೇ ಅಲ್ಲ. ಮುತ್ತಿನಕೊಪ್ಪದ ಕಡೆಯಿಂದ ಕೊಪ್ಪದವರೆಗೆ ರಸ್ತೆ ಬದಿಯ ಬೈಲುಗಳನ್ನು ನೋಡುತ್ತ ಹೋಗಿ, ಭತ್ತವಿದ್ದಲ್ಲೆಲ್ಲ ಅಡಿಕೆ.

ಮೊದಲ ಪೆಟ್ಟು ನೀರಿನಿಂದ. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟಿನ ಕೆಲಸ 1947ರಲ್ಲಿ ಶುರುವಾಗಿ 1965ರಲ್ಲಿ ಮುಗಿಯಿತು. ತುಂಬಿದರೆ 186 ಅಡಿ, 71 ಟಿಎಂಸಿಗೂ ಮಿಕ್ಕಿದ ನೀರು. ಹಿನ್ನೀರು ಎನ್.ಆರ್. ಪುರದ ಬುಡಕ್ಕೆ ಬಂತು, ನದಿದಂಡೆಯ ಒಳ್ಳೊಳ್ಳೆಯ ಗದ್ದೆಗಳು ಅಡಿಗೆ ಹೋದವು. ಆ ನೀರು ನಾಲೆಗಳಲ್ಲಿ ಹರಿದು ಭದ್ರಾವತಿ, ಚನ್ನಗಿರಿ, ದಾವಣಗೆರೆ, ಹರಿಹರದಲ್ಲಿ ವರ್ಷಕ್ಕೆ ಎರಡು ಬೆಳೆ ಭತ್ತ ಬೆಳೆಸಿತು. ಇಂದು ನಮ್ಮೂರಿನ ಅಂಗಡಿಗಳಲ್ಲಿ ದಾವಣಗೆರೆಯ ಮಿಲ್ಲಿನ ಅಕ್ಕಿಯ ಚೀಲ ಇಳಿಯುತ್ತದೆ. ನಮ್ಮ ಗದ್ದೆ ಮುಳುಗಿಸಿದ ನೀರೇ ಬೆಳೆಸಿದ ಅಕ್ಕಿಯನ್ನು ದುಡ್ಡು ಕೊಟ್ಟು ತಂದು ಉಣ್ಣುತ್ತಿದ್ದೇವೆ. ಬಯಲುಸೀಮೆಯ ಹಸಿವು ನೀಗಿದ್ದಕ್ಕೆ ನನಗೆ ಸಂತೋಷವೇ ಇದೆ. ಕೊಟ್ಟವರು ಯಾರೆಂಬುದು ಉಣ್ಣುವವರಿಗೆ ಗೊತ್ತಿರಲಿ ಎಂಬುದಷ್ಟೇ ನನ್ನ ಆಸೆ.

ಉಳಿದ ಗದ್ದೆಯನ್ನು ತೆಗೆದದ್ದು ಲೆಕ್ಕಾಚಾರ. ನಾಟಿಗೆ ಜನ ಸಿಗುವುದಿಲ್ಲ, ಕಾಡುಹಂದಿ ಬಿಡುವುದಿಲ್ಲ, ಭತ್ತಕ್ಕೆ ಕೊಟ್ಟ ಕೂಲಿ ಭತ್ತದಿಂದ ಹುಟ್ಟುವುದಿಲ್ಲ, ಅಡಿಕೆಗೆ ಧಾರಣೆ ಇದೆ. ನಮ್ಮ ಮನೆಯವರೂ ಹಾಗೇ ಲೆಕ್ಕ ಹಾಕಿ ಕೆಳಗಿನ ಗದ್ದೆಗೆ ಬಸಿಗಾಲುವೆ ತೆಗೆಸಿ ಅಡಿಕೆ ಸಸಿ ಇಟ್ಟರು. ಯಾರನ್ನೂ ದೂರುವಂತಿಲ್ಲ, ಮಕ್ಕಳ ಓದು ಸಾಗಿದ್ದು ಅದರಿಂದ. ಆದರೆ ಒಂದೇ ಬೆಳೆಯ ಮೇಲೆ ಪೂರ್ತಿ ತಾಲ್ಲೂಕು ನಿಂತರೆ ಏನಾಗುತ್ತದೆಂದು ಕೊಪ್ಪ, ಶೃಂಗೇರಿ, ಎನ್.ಆರ್. ಪುರದವರು ಹಳದಿ ಎಲೆ ರೋಗದಲ್ಲಿ ಕಂಡಿದ್ದಾರೆ, ಈಗ ಎಲೆಚುಕ್ಕಿ ರೋಗದಲ್ಲಿ ಮತ್ತೆ ಕಾಣುತ್ತಿದ್ದಾರೆ. ಅಡಿಕೆಯನ್ನು ಮಾರಬಹುದು, ಉಣ್ಣಲಾಗದು.

ಕೆಲವು ಗದ್ದೆಗಳು ಅಡಿಕೆಗೆ ಮೊದಲು ಶುಂಠಿಗೆ ಹೋದವು. ಗುತ್ತಿಗೆಗೆ ಹಿಡಿದವರು ಒಂದೆರಡು ವರ್ಷದಲ್ಲಿ ಹಾಕಿದ ದುಡ್ಡು ಎತ್ತಿಕೊಳ್ಳಬೇಕು, ಕೊಟ್ಟವರಿಗೂ ಗುತ್ತಿಗೆ ಹಣ ಬೇಕು. ಎರಡೂ ಕಡೆಯವರ ಅವಸರಕ್ಕೆ ನಡುವೆ ಸಿಕ್ಕಿದ್ದು ಮಣ್ಣು. ಅಂಥ ಮಡಿಗಳಿಗೆ ಸುರಿದ ಫೋರೇಟ್ ಕಾಳಿನ ವಾಸನೆ ನನ್ನ ಮೂಗಿನಲ್ಲಿ ಇನ್ನೂ ಇದೆ. ಆ ವಿಷವನ್ನು ದೇಶದಲ್ಲಿ 2020ರ ಕೊನೆಗೆ ನಿಲ್ಲಿಸಲಾಯಿತು. ಅಷ್ಟರಲ್ಲಿ ನಮ್ಮ ಕಡೆಯ ಎಷ್ಟೋ ಕಾಲುವೆಗಳಲ್ಲಿ ಏಡಿ ಇಲ್ಲವಾಗಿತ್ತು. ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಏರಿ ಬರುತ್ತಿದ್ದ ಹತ್ತುಮೀನು ಇಲ್ಲವಾಗಿತ್ತು. ಹಬ್ಬದ ಮಡಿಗೆ ನೆಡಲು ಏಡಿಯ ಚಿಪ್ಪು ಹುಡುಕಿಕೊಂಡು ಹೋಗಬೇಕಾದಾಗ, ಮಡಿಯನ್ನು ಕಾಯುತ್ತಿದ್ದದ್ದು ಸುತ್ತಲಿನ ಜೀವಗಳೇ ಎಂಬುದು ತಿಳಿಯಿತು.

ಗದ್ದೆ ಹೋದರೂ ಹಬ್ಬ ನಿಲ್ಲಲಿಲ್ಲ. ತೆನೆ ಘಟ್ಟದ ಕೆಳಗಿನಿಂದ ಬಸ್ಸಿನಲ್ಲಿ ಗೋಣಿಗೆ ಸುತ್ತಿಕೊಂಡು ಬರತೊಡಗಿತು. ಯಾರ ಗದ್ದೆಯದು, ಏನು ಸಿಂಪಡಿಸಿದ್ದಾರೆ ಎಂದು ಯಾರೂ ಕೇಳಲಿಲ್ಲ. ಇಲ್ಲಿ ನಾನು ಮೌನವಾಗಿರಲಾರೆ. ನಾವು ಆ ಕಾಳನ್ನು ಬರೀ ಹೊಟ್ಟು ತೆಗೆದು, ಬೇಯಿಸದೆ, ಅರೆದು ಹಸುಗೂಸಿನ ನಾಲಿಗೆಗೆ ಇಡುತ್ತೇವೆ. ಕೊಯ್ಲಿಗೆ ವಾರದ ಮುಂಚೆ ಔಷಧಿ ಹೊಡೆದ ತೆನೆಗೆ ತೀರ್ಥ ಪ್ರೋಕ್ಷಣೆ ಮಾಡಿದರೆ ವಿಷ ಇಳಿಯುತ್ತದೆಯೇ? ಬೈಬಲಿನ ಯಾಜಕಕಾಂಡದ 23ನೇ ಅಧ್ಯಾಯ ಮೊದಲ ಸಿವುಡನ್ನು ದೇವರ ಮುಂದೆ ತರಲು ಹೇಳುತ್ತದೆ. ಅದೇ ಪುಸ್ತಕದ 19ನೇ ಅಧ್ಯಾಯ ಹೊಲದ ಅಂಚನ್ನು ಪೂರ್ತಿ ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆನ್ನುತ್ತದೆ. 25ನೇ ಅಧ್ಯಾಯ ಏಳನೇ ವರ್ಷ ಭೂಮಿಗೇ ವಿಶ್ರಾಂತಿ ಕೊಡಬೇಕೆನ್ನುತ್ತದೆ. ಸಿವುಡು ತರುವುದನ್ನು ಮಾತ್ರ ಹಿಡಿದುಕೊಂಡು ಉಳಿದ ಎರಡನ್ನು ಬಿಟ್ಟರೆ ಅದು ದೇವರಿಗೆ ಅರ್ಧ ಉತ್ತರ ಕೊಟ್ಟಂತೆ. ಪೋಪ್ ಫ್ರಾನ್ಸಿಸ್ 2015ರಲ್ಲಿ 'ಲೌದಾತೊ ಸಿ' ವಿಶ್ವಪತ್ರ ಬರೆದು ಭೂಮಿಯ ನರಳಾಟವನ್ನೂ ಬಡವರ ನರಳಾಟವನ್ನೂ ಒಟ್ಟಿಗೆ ಕೇಳಿಸಿಕೊಳ್ಳಿ ಎಂದರು. ಅದೇ ವರ್ಷ ಸೆಪ್ಟೆಂಬರ್ 1ನ್ನು ಸೃಷ್ಟಿಯ ಪಾಲನೆಗಾಗಿ ಪ್ರಾರ್ಥಿಸುವ ದಿನವೆಂದು ಕ್ಯಾಥೊಲಿಕರಿಗೂ ಗೊತ್ತುಮಾಡಿದರು. ಆರ್ಥೊಡಾಕ್ಸ್ ಸಭೆ 1989ರಿಂದಲೇ ಆಚರಿಸುತ್ತಿದ್ದ ದಿನವದು. ಒಂದನೇ ತಾರೀಖು ಆ ಪ್ರಾರ್ಥನೆ, ಎಂಟಕ್ಕೆ ನಮ್ಮ ತೆನೆ. ನಡುವೆ ಒಂದು ವಾರ ಮಾತ್ರ. ರೋಮಿನಿಂದ ಬಂದ ಪತ್ರ ನಮಗೆ ಹೊಸದಾಗಿ ಕಲಿಸಬೇಕಾದ್ದೇನೂ ಇರಲಿಲ್ಲ, ನಾವು ನಮ್ಮ ಹಬ್ಬವನ್ನು ಪೂರ್ತಿ ನಂಬಿದ್ದರೆ.

ಕರಾವಳಿಯಲ್ಲಿ ಕೆಲವು ಚರ್ಚುಗಳ ಯುವಕ ಯುವತಿಯರು ಈಚಿನ ವರ್ಷಗಳಲ್ಲಿ ಹಡಿಲು ಬಿದ್ದ ಗದ್ದೆಗಳನ್ನು ಉತ್ತು ನೇಜಿ ನೆಡುತ್ತಿದ್ದಾರೆ. ಅದನ್ನು ಕೇಳಿದಾಗಲೇ ನಾನು ಮನೆಯಲ್ಲಿ ಹಟ ಹಿಡಿದೆ. ಅಡಿಕೆ ಸಸಿ ಹಳದಿ ತಿರುಗಿ ಸತ್ತ ತಗ್ಗಿನ ಮೂಲೆಯೊಂದು ಖಾಲಿ ಬಿದ್ದಿತ್ತು. ಅಲ್ಲಿ ಬಸಿಗಾಲುವೆ ಮುಚ್ಚಿಸಿ, ಬದು ಕಟ್ಟಿಸಿ, ನೀರು ನಿಲ್ಲಿಸಿದೆವು. ಅತ್ತೆಯ ಆ ಕೆಂಪು ಭತ್ತದ ಬೀಜ ನಮ್ಮಲ್ಲಿ ತಪ್ಪಿ ಹೋಗಿತ್ತು. ಅಮ್ಮಚ್ಚಿಯ ಸೊಸೆ ತಮ್ಮ ಮೇಲಿನ ಮಕ್ಕಿಗದ್ದೆಯಲ್ಲಿ ಅದನ್ನು ಬೆಳೆದು ಬೀಜ ಉಳಿಸಿಕೊಂಡು ಬಂದಿದ್ದರು. ಅತ್ತೆ ಯಾವತ್ತೋ ಒಂದು ಕೊಳಗ ಕೊಟ್ಟಿದ್ದರಂತೆ. ನನಗೆ ಅವರು ಒಂದು ಸಿದ್ದೆ ಅಳೆದು ಕೊಟ್ಟರು.

ಕೊಟ್ಟಿಗೆ ಗೊಬ್ಬರ, ಸೊಪ್ಪು, ಬೂದಿ ಬಿಟ್ಟು ಬೇರೇನನ್ನೂ ಆ ಮಡಿಗೆ ಹಾಕುವುದಿಲ್ಲ. ತರಗತಿಯ ಮಕ್ಕಳೇ ನಾಟಿಗೆ ಬರುತ್ತಾರೆ, ತೆನೆ ಬಂದ ಮೇಲೆ ಸರದಿಯಲ್ಲಿ ಹಕ್ಕಿ ಕಾಯುತ್ತಾರೆ. ಮಡಿಯ ಒಂದು ಅಂಚನ್ನು ನಾವು ಕೊಯ್ಯುವುದಿಲ್ಲ, ಅದು ರಾಟವಾಳಕ್ಕೆ. ಮೊದಲ ವರ್ಷ ತಿಗಣೆ ಬಿದ್ದು ಅರ್ಧಕ್ಕರ್ಧ ಜೊಳ್ಳಾಯಿತು. ಏಡಿಯ ಬದಲು ಒಣಮೀನಿನ ತಲೆ ಕಟ್ಟಿ ನೋಡಿದೆವು, ಅದಕ್ಕೂ ಮುತ್ತಿಕೊಂಡವು. ಆಮೇಲೆ ನೀರು ನಿಂತ ಆ ಮೂಲೆಗೆ ಏಡಿಗಳು ತಾವಾಗಿ ಬಂದಿವೆ, ಬದುವಿನಲ್ಲಿ ತೂತು ಕೊರೆದು ನಮಗೆ ಕೆಲಸವನ್ನೂ ಕೊಡುತ್ತಿವೆ. ಚರ್ಚಿಗೆ ಬೇಕಾದ ತೆನೆ ಈಗ ಅಲ್ಲಿಂದಲೇ ಹೋಗುತ್ತದೆ. ಮನೆಗೆ ಮೂರೋ ಐದೋ ತೆನೆ ಕೊಟ್ಟರೂ ಬೀಜಕ್ಕೆ ಉಳಿಯುತ್ತದೆ.

ಪ್ರತಿ ಚರ್ಚಿಗೂ ಇಂಥದೊಂದು ಮಡಿ ಇರಬೇಕೆಂದು ನಾನು ಗುರುಗಳ ಮುಂದೆ ಹೇಳಿದ್ದೇನೆ, ಪಾಲನಾ ಪರಿಷತ್ತಿನಲ್ಲೂ ಹೇಳಿದ್ದೇನೆ. ದಿನವನ್ನು ಮುಂದೂಡಿ ಮಲೆನಾಡಿಗೆ ನವೆಂಬರ್‌ನಲ್ಲಿ ಹಬ್ಬ ಮಾಡಿಕೊಳ್ಳೋಣ ಎಂದು ಒಬ್ಬರು ಸೂಚಿಸಿದರು. ಗೋವಾದ ಊರುಗಳನ್ನು ನೆನೆದರೆ ಆ ಮಾತಲ್ಲೂ ನ್ಯಾಯವಿದೆ. ಆದರೆ ನನಗೆ ಎಂಟನೇ ತಾರೀಖೇ ಬೇಕು. ಆ ದಿನಕ್ಕೆ ತೆನೆ ಬೇಕೆಂದರೆ ಮೇ ತಿಂಗಳಲ್ಲೇ ಗದ್ದೆಗೆ ಇಳಿಯಬೇಕು, ನಾಲ್ಕು ತಿಂಗಳು ಮಡಿಯನ್ನು ಕಣ್ಣಲ್ಲಿಟ್ಟು ನೋಡಬೇಕು. ಅಷ್ಟು ದುಡಿಸಿಕೊಳ್ಳುವ ಹಬ್ಬ ನಮಗೆ ಒಳ್ಳೆಯದು.

ಬೀಜ ಬೇಕಾದವರು ಏಪ್ರಿಲ್ ಕೊನೆಯೊಳಗೆ ಬನ್ನಿ. ಯಾವ ಸಭೆಯವರಾದರೂ ಸರಿ, ಯಾವ ಧರ್ಮದವರಾದರೂ ಸರಿ. ಒಂದು ಸಿದ್ದೆ ಕೊಡುತ್ತೇನೆ, ಬೆಳೆದ ಮೇಲೆ ಎರಡು ಸಿದ್ದೆ ವಾಪಸು ಕೊಡಬೇಕು: ಒಂದು ನನಗೆ, ಇನ್ನೊಂದು ಮುಂದಿನ ವರ್ಷ ಕೇಳಿಕೊಂಡು ಬರುವವರಿಗೆ. ಕೃತ್ತಿಕೆ ಮಳೆಗೆ ಮೊಳಕೆ ಕಟ್ಟಬೇಕು. ರೋಹಿಣಿ ಬಂದ ಮೇಲೆ ಬಿತ್ತಿದರೆ ಹಬ್ಬಕ್ಕೆ ಸಿಗುವುದಿಲ್ಲ.